ಟಾಟಾ ಇನ್‌ಸ್ಟಿಟ್ಯೂಟ್ ಕಾಂಪೌಂಡಿನೊಳಗೆ ನನ್ನ ಮಗಳಿಗೆ ಜಾಗ ಸಿಗುತ್ತಾ?

ಪ್ರಶ್ನೆ: ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಮಗಳು ಸರ್ಕಾರಿ ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಎಸ್ಸಿ. ಓದುತ್ತಿದ್ದಾಳೆ, ಪಿಸಿಎಂ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ದಿನಾ ಬಸ್ಸಿನಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಪಕ್ಕದಲ್ಲೇ ಹೋಗಿಬರುತ್ತಾಳೆ. ಈಗ ಅಲ್ಲೇ ಸೇರಬೇಕು, ರಿಸರ್ಚ್ ಮಾಡಬೇಕು ಅಂತಿದ್ದಾಳೆ. ಅದು ಟಾಟಾ ಕಂಪನಿಯ ಕಾಲೇಜಾ? ಡೊನೇಷನ್ ಎಷ್ಟಾಗುತ್ತೆ? ನಮ್ಮಂಥವರ ಮಕ್ಕಳಿಗೆ ಸಿಗುತ್ತಾ? ಎಷ್ಟು ವರ್ಷ ಓದಬೇಕು, ಆಮೇಲೆ ಕೆಲಸ ಏನು? ಸುಮ್ನೆ ಬಿ.ಎಡ್. ಮಾಡಿಸು ಅಂತಾನೆ ನಮ್ಮಣ್ಣ.

ಉತ್ತರ: ಮೊದಲು ಡೊನೇಷನ್ ಮಾತು ಮುಗಿಸಿಬಿಡೋಣ. ಅಲ್ಲಿ ಡೊನೇಷನ್ ಇಲ್ಲ. ಮ್ಯಾನೇಜ್‌ಮೆಂಟ್ ಸೀಟು ಅನ್ನುವುದೂ ಇಲ್ಲ. ಯಾರಾದರೂ ‘ಒಳಗೆ ನಮ್ಮವರಿದ್ದಾರೆ, ಇಷ್ಟು ಕೊಟ್ಟರೆ ಸೀಟು ಮಾಡಿಸ್ತೀನಿ’ ಅಂದರೆ ಅಲ್ಲಿಗೇ ಫೋನ್ ಇಟ್ಟುಬಿಡಿ.

ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೆಯುವ ಆ ಜಾಗದ ಹೆಸರು ಭಾರತೀಯ ವಿಜ್ಞಾನ ಸಂಸ್ಥೆ. ಓದುವ ಮಕ್ಕಳು ಐಐಎಸ್‌ಸಿ ಅನ್ನುತ್ತಾರೆ. ಅದು ಕಂಪನಿಯದಲ್ಲ. ಇವತ್ತು ಹೆಚ್ಚಾಗಿ ಕೇಂದ್ರ ಸರ್ಕಾರದ ಹಣದಲ್ಲಿ ನಡೆಯುತ್ತದೆ. ಆದರೂ ಬಸ್ ಕಂಡಕ್ಟರ್ ಬಾಯಲ್ಲಿ ಟಾಟಾ ಹೆಸರು ಉಳಿದಿದೆಯಲ್ಲ, ಅದಕ್ಕೆ ಕಾರಣವಿದೆ. ನಮ್ಮ ದೇಶಕ್ಕೆ ಸಂಶೋಧನೆಯ ವಿಶ್ವವಿದ್ಯಾಲಯ ಬೇಕು ಅಂತ 1890ರ ದಶಕದಲ್ಲೇ ಪಟ್ಟು ಹಿಡಿದವರು ಜಮ್‌ಶೇಟ್‌ಜಿ ಟಾಟಾ. ಮುಂಬೈಯಲ್ಲಿದ್ದ ತಮ್ಮ ಕಟ್ಟಡ, ಜಮೀನನ್ನು ಅದಕ್ಕಾಗಿ ಕೊಡಲು ಮುಂದಾದರು. ಬ್ರಿಟಿಷ್ ಸರ್ಕಾರ ವರ್ಷಗಟ್ಟಲೆ ಎಳೆದಾಡಿತು. 1904ರಲ್ಲಿ ಅವರು ತೀರಿಕೊಂಡರು. ಕಟ್ಟಿದ್ದನ್ನು ನೋಡಲಿಲ್ಲ. ಮಕ್ಕಳು ಅಪ್ಪನ ಮಾತು ಉಳಿಸಿದರು. 1909ರಲ್ಲಿ ಸಂಸ್ಥೆ ಹುಟ್ಟಿತು, 1911ರಲ್ಲಿ ಮೊದಲ ವಿದ್ಯಾರ್ಥಿಗಳು ಸೇರಿದರು.

ಜಾಗ ಕೊಟ್ಟವರು ಯಾರು ಗೊತ್ತಾ? ಮೈಸೂರು ಸಂಸ್ಥಾನ. 371 ಎಕರೆ. ನಿಮ್ಮ ಮಗಳು ಬಸ್ಸಿನ ಕಿಟಕಿಯಿಂದ ನೋಡುವ ಆ ಮರಗಳೆಲ್ಲ ನಿಂತಿರುವುದು ನಮ್ಮ ಸಂಸ್ಥಾನದ ನೆಲದ ಮೇಲೆ. ಹಾಗಾಗಿ ‘ನಮ್ಮಂಥವರ ಮಕ್ಕಳಿಗೆ ಸಿಗುತ್ತಾ’ ಅಂತ ನೀವು ಕೇಳಿದಾಗ ಮನಸ್ಸಿಗೆ ಚುಚ್ಚಿತು. ನಾನೂ ತಿಪಟೂರು ಕಡೆಯವನು. ನನ್ನದೂ ಕನ್ನಡ ಮಾಧ್ಯಮ. ಅಲ್ಲಿ ಪಿಎಚ್.ಡಿ. ಮಾಡಿ, ಈಗ ಬೆಂಗಳೂರಿನಲ್ಲೇ ಬಿ.ಎಸ್ಸಿ. ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡುತ್ತೇನೆ. ಸಿಗುತ್ತೆ. ಆದರೆ ಅದು ಎಂಥ ಜಾಗ ಅಂತ ನೀವಿಬ್ಬರೂ ಮೊದಲು ತಿಳಿದುಕೊಳ್ಳಬೇಕು. ಎಷ್ಟೋ ಮಕ್ಕಳು ಅದನ್ನು ಇನ್ನೊಂದು ದೊಡ್ಡ ಕಾಲೇಜು ಅಂತ ತಿಳಿದು ಒಳಗೆ ಹೋಗಿ, ಒಂದು ವರ್ಷ ಕಂಗಾಲಾಗುತ್ತಾರೆ.

ಕಾಲೇಜಿನಲ್ಲಿ ಏನಾಗುತ್ತದೆ? ಉತ್ತರ ಗೊತ್ತಿರುವ ಪ್ರಶ್ನೆಗಳನ್ನು ಕಲಿಸುತ್ತಾರೆ. ಪುಸ್ತಕದ ಹಿಂದೆ ಉತ್ತರ ಇರುತ್ತದೆ. ಐಐಎಸ್‌ಸಿಯಲ್ಲಿ ಜಾಸ್ತಿ ಜನ ಇರುವುದು ಉತ್ತರ ಯಾರಿಗೂ ಗೊತ್ತಿಲ್ಲದ ಪ್ರಶ್ನೆಗಳ ಜೊತೆ. ಪಾಠ ಅಲ್ಲೂ ಇದೆ. ಪಿಯುಸಿ ಮುಗಿಸಿದವರಿಗೆ 2011ರಿಂದ ನಾಲ್ಕು ವರ್ಷದ ಪದವಿಯೂ ಇದೆ. ಆದರೆ ಆ ಜಾಗದ ಉಸಿರೇ ಸಂಶೋಧನೆ. ಗಾಳಿ ಸುರಂಗದಲ್ಲಿ ವಿಮಾನದ ರೆಕ್ಕೆ ಪರೀಕ್ಷಿಸುವವರು ಇದ್ದಾರೆ. ಮುಂಗಾರು ಯಾಕೆ ಕೈಕೊಡುತ್ತದೆ ಅಂತ ಲೆಕ್ಕ ಹಾಕುವವರು ಇದ್ದಾರೆ. ಸತೀಶ್ ಧವನ್ 1962ರಿಂದ 1981ರವರೆಗೆ ಅಲ್ಲಿ ನಿರ್ದೇಶಕರಾಗಿದ್ದರು. 1972ರಿಂದ ಅದರ ಜೊತೆಗೇ ಇಸ್ರೋವನ್ನೂ ನಡೆಸಿದರು.

ನಿಮ್ಮ ಊರಿನ ಕಡೆ ಹಳೆಯ ಮನೆಗಳಲ್ಲಿ ‘ಅಸ್ತ್ರ ಒಲೆ’ ನೋಡಿದ್ದೀರಾ? ಒಂದೇ ಉರಿಗೆ ಮೂರು ಪಾತ್ರೆ ಕೂರುವ, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುವ ಒಲೆ. ಅದು ಹುಟ್ಟಿದ್ದು ಇದೇ ಕಾಂಪೌಂಡಿನಲ್ಲಿ. 1974ರಲ್ಲಿ ಅಮೂಲ್ಯ ರೆಡ್ಡಿ ಅವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಎಂಬ ಕೇಂದ್ರ ಶುರುಮಾಡಿದರು. ಒಲೆಯ ಬಾಯಿ ಎಷ್ಟಗಲ ಇರಬೇಕು, ಗಾಳಿ ಎಲ್ಲಿಂದ ಬರಬೇಕು, ಸೌದೆ ಎಷ್ಟು ಉಳಿಯುತ್ತದೆ ಅಂತ ಅಳೆದು ಅಳೆದು ಮಾಡಿದ ಒಲೆ ಅದು. ಸಂಶೋಧನೆ ಅಂದರೆ ಬರೀ ರಾಕೆಟ್ ಅಲ್ಲ. ಅಜ್ಜಿಯ ಕಣ್ಣಿಗೆ ಹೋಗುವ ಹೊಗೆಯೂ ಸಂಶೋಧನೆಯ ವಿಷಯವೇ.

ಈಗ ದಾರಿ. ನಿಮ್ಮ ಮಗಳಿಗೆ ನೇರವಾದ ದಾರಿ ಇಂಟಿಗ್ರೇಟೆಡ್ ಪಿಎಚ್.ಡಿ. ಅಂದರೆ ಬಿ.ಎಸ್ಸಿ. ಮುಗಿಸಿ ಸೇರುವುದು, ಎಂ.ಎಸ್ಸಿ. ಮಟ್ಟದ ಓದು ಮತ್ತು ಪಿಎಚ್.ಡಿ. ಎರಡನ್ನೂ ಒಂದೇ ಕಡೆ ಮುಗಿಸುವುದು. ಇದಕ್ಕೆ ಜ್ಯಾಮ್ ಎಂಬ ಪರೀಕ್ಷೆ ಬರೆಯಬೇಕು. ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಪರೀಕ್ಷೆ ಇದು. ಸಾಮಾನ್ಯವಾಗಿ ಫೆಬ್ರವರಿಯಲ್ಲಿ ಇರುತ್ತದೆ. ಅರ್ಜಿ ಮಾತ್ರ ಅದರ ಹಿಂದಿನ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೇ ಹಾಕಬೇಕು. ಅಂದರೆ ಮೂರನೇ ವರ್ಷದ ಶುರುವಿನಲ್ಲೇ. ನಮ್ಮ ಮಕ್ಕಳು ಎಡವುವುದು ಇಲ್ಲೇ. ಡಿಗ್ರಿ ಮುಗಿಯಲಿ, ಆಮೇಲೆ ನೋಡೋಣ ಅಂತ ಕೂತವರಿಗೆ ಒಂದು ವರ್ಷ ಸುಮ್ನೆ ಹೋಗುತ್ತದೆ.

ಜ್ಯಾಮ್ ಮೂರು ಗಂಟೆಯ ಪರೀಕ್ಷೆ. 60 ಪ್ರಶ್ನೆ, 100 ಅಂಕ. ಕಂಪ್ಯೂಟರ್ ಮುಂದೆ ಕೂತು ಬರೆಯುವುದು. ಫಿಸಿಕ್ಸ್, ಕೆಮಿಸ್ಟ್ರಿ, ಗಣಿತಕ್ಕೆ ಬೇರೆ ಬೇರೆ ಪತ್ರಿಕೆ. 30 ಪ್ರಶ್ನೆಗಳಿಗೆ ನಾಲ್ಕರಲ್ಲಿ ಒಂದು ಸರಿ. 10ಕ್ಕೆ ಒಂದಕ್ಕಿಂತ ಜಾಸ್ತಿ ಉತ್ತರ ಸರಿ ಇರಬಹುದು. ಉಳಿದ 20ಕ್ಕೆ ಆಯ್ಕೆಯೇ ಇಲ್ಲ, ಲೆಕ್ಕ ಮಾಡಿ ಸಂಖ್ಯೆ ತುಂಬಬೇಕು. ಮೊದಲ ಬಗೆಯಲ್ಲಿ ಮಾತ್ರ ತಪ್ಪಿಗೆ ಅಂಕ ಕಳೆಯುತ್ತಾರೆ. ಜ್ಯಾಮ್ ಬರೆದರಷ್ಟೇ ಸಾಲದು. ಫೆಬ್ರವರಿ, ಮಾರ್ಚ್ ಹೊತ್ತಿಗೆ ಐಐಎಸ್‌ಸಿಗೆ ಬೇರೆ ಅರ್ಜಿ ಹಾಕಬೇಕು. ಜ್ಯಾಮ್ ಅಂಕ ನೋಡಿ ಸಂದರ್ಶನಕ್ಕೆ ಕರೆಯುತ್ತಾರೆ. ಆ ವರ್ಷದ ಪ್ರಕಟಣೆಯಲ್ಲಿ ಯಾವ ವಿಭಾಗಕ್ಕೆ ಏನು ಅರ್ಹತೆ ಅಂತ ಸ್ಪಷ್ಟವಾಗಿ ಇರುತ್ತದೆ. ಅದನ್ನು ಮಗಳ ಪಕ್ಕ ಕೂತು ನೀವೂ ಓದಿ. ಕೇಂದ್ರ ಸರ್ಕಾರದ ನಿಯಮದಂತೆ ಮೀಸಲಾತಿಯೂ ಇದೆ. ಜಾತಿ ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲೇ ಬೇಕಾಗುತ್ತದೆ. ಈಗಲೇ ಮಾಡಿಸಿಟ್ಟುಕೊಳ್ಳಿ.

ಜ್ಯಾಮ್‌ನಲ್ಲಿ ಅಂಕ ಕಡಿಮೆ ಬಂತು ಅನ್ನಿ. ದಾರಿ ಮುಚ್ಚಿತು ಅಂತ ಅಲ್ಲ. ಬೇರೆ ಕಡೆ ಎಂ.ಎಸ್ಸಿ. ಮುಗಿಸಿ, ಸಿಎಸ್ಐಆರ್ ನೆಟ್ ಅಥವಾ ಗೇಟ್ ಬರೆದು ನೇರ ಪಿಎಚ್.ಡಿ.ಗೆ ಬರಬಹುದು. ಫಿಸಿಕ್ಸ್‌ಗೆ ಜೆಸ್ಟ್ ಎಂಬ ಪರೀಕ್ಷೆಯೂ ಇದೆ. ನಾನು ಬಂದದ್ದು ಈ ಎರಡನೇ ದಾರಿಯಲ್ಲೇ. ಎಂಜಿನಿಯರಿಂಗ್ ಓದಿದವರು ಗೇಟ್ ಬರೆದು ಎಂ.ಟೆಕ್.ಗೋ ಪಿಎಚ್.ಡಿ.ಗೋ ಬರುತ್ತಾರೆ. ಅದು ನಿಮ್ಮ ಮಗಳ ವಿಷಯ ಅಲ್ಲ, ಬಿಡಿ.

ಸಂದರ್ಶನದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಯಾಕೆಂದರೆ ಕೋಚಿಂಗ್‌ನವರು ಅದನ್ನು ಹೇಳುವುದಿಲ್ಲ.

ನನ್ನ ಸಂದರ್ಶನದಲ್ಲಿ ಐದಾರು ಜನ ಪ್ರೊಫೆಸರ್‌ಗಳು ಕೂತಿದ್ದರು. ಕೈಗೆ ಚಾಕ್‌ಪೀಸ್ ಕೊಟ್ಟರು. ‘ನಿಮಗೆ ಇಷ್ಟವಾದ ವಿಷಯ ಯಾವುದು’ ಅಂತ ಕೇಳಿದರು. ಕ್ವಾಂಟಂ ಅನ್ನೋಣ ಅಂತ ಮನೆಯಿಂದ ಲೆಕ್ಕ ಹಾಕಿಕೊಂಡು ಹೋಗಿದ್ದೆ. ಆ ಕ್ಷಣಕ್ಕೆ ಧೈರ್ಯ ಸಾಲದೆ ‘ಮೆಕ್ಯಾನಿಕ್ಸ್, ಲೋಲಕ’ ಅಂದುಬಿಟ್ಟೆ. ಸರಿ, ಸೂತ್ರ ಬರೆಯಿರಿ ಅಂದರು. ಬರೆದೆ. ಒಂದು ಸಲ ಆ ಕಡೆ ಈ ಕಡೆ ಆಡಲು ಎಷ್ಟು ಹೊತ್ತು ಅನ್ನುವುದು ದಾರದ ಉದ್ದದ ಮೇಲೆ ನಿಂತಿದೆ, ಎಷ್ಟು ದೂರ ಎಳೆದು ಬಿಟ್ಟೆವು ಅನ್ನುವುದರ ಮೇಲೆ ಅಲ್ಲ. ಇದು ಎಲ್ಲರೂ ಓದಿರುವುದೇ. ‘ನಿಜವಾಗಿಯೂ ಅಲ್ವಾ?’ ಅಂತ ಒಬ್ಬರು ಕೇಳಿದರು. ಕೋನ ಚಿಕ್ಕದಿದ್ದರೆ ಮಾತ್ರ ಅಂದೆ. ‘ದೊಡ್ಡದಾದರೆ? ಸಮಯ ಜಾಸ್ತಿ ಆಗುತ್ತಾ, ಕಡಿಮೆ ಆಗುತ್ತಾ?’

ನಾನು ಕಲ್ಲಾದೆ. ಕಾಲೇಜಿನಲ್ಲಿ ಮೂರು ವರ್ಷ ಲೋಲಕದ ಪ್ರಯೋಗ ‘ಮಾಡಿದ್ದೆ’. ಮಾಡಿದ್ದೆ ಅಂದರೆ, ಹಿಂದಿನ ಬ್ಯಾಚಿನವರ ರೆಕಾರ್ಡಿನಿಂದ ರೀಡಿಂಗ್ ಇಳಿಸಿಕೊಂಡಿದ್ದೆ. ನಾನು ಓದಿದ ಆ ಡಿಗ್ರಿ ಕಾಲೇಜಿನಲ್ಲಿ ಲ್ಯಾಬಿಗೆ ಜಾಸ್ತಿ ದಿನ ಬೀಗ ಇರುತ್ತಿತ್ತು. ಎಲ್ಲರೂ ಹಾಗೇ ಮಾಡುತ್ತಿದ್ದರು, ಗುರುತ್ವದ ಬೆಲೆ, ಅಂದರೆ ಉತ್ತರ, 9.8 ಬಂದರೆ ಸಹಿ ಬೀಳುತ್ತಿತ್ತು. ಈ ವಿಷಯ ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ. ದೊಡ್ಡ ಕೋನದಿಂದ ಬಿಟ್ಟ ಲೋಲಕವನ್ನು ನಾನು ಕಣ್ಣಾರೆ ನೋಡಿಯೇ ಇರಲಿಲ್ಲ.

ಗೊತ್ತಿಲ್ಲ ಅಂದೆ. ‘ಗೊತ್ತಿಲ್ಲದಿದ್ದರೆ ಪರವಾಗಿಲ್ಲ, ಯೋಚನೆ ಮಾಡಿ’ ಅಂದರು. ಆಮೇಲೆ ಇಪ್ಪತ್ತು ನಿಮಿಷ ಅದೊಂದೇ. ಇಂಗ್ಲಿಷ್ ಪದ ಸಿಗದ ಕಡೆ ಕೈಯಲ್ಲಿ ಎಳೆದು ಬಿಟ್ಟು ತೋರಿಸಿದೆ. ಕೋನ ದೊಡ್ಡದಾದಂತೆ ಗುಂಡನ್ನು ನಡುವಿಗೆ ಎಳೆಯುವ ಬಲ ಸೂತ್ರದಲ್ಲಿ ಅಂದುಕೊಂಡಷ್ಟು ಏರುವುದಿಲ್ಲ, ಸ್ವಲ್ಪ ಹಿಂದೆ ಬೀಳುತ್ತದೆ. ಬಲ ಕಡಿಮೆ ಅಂದರೆ ನಿಧಾನ. ನಿಧಾನ ಅಂದರೆ ಸಮಯ ಜಾಸ್ತಿ. ಅಷ್ಟು ಬರುವ ಹೊತ್ತಿಗೆ ಅಂಗಿ ಒದ್ದೆಯಾಗಿತ್ತು. ಪೂರ್ತಿ 90 ಡಿಗ್ರಿಗೆ ಎಳೆದು ಬಿಟ್ಟರೆ ಸಮಯ ಸುಮಾರು ಶೇ. 18ರಷ್ಟು ಜಾಸ್ತಿ ಆಗುತ್ತದೆ ಅಂತ ಆಮೇಲೆ ಕಲಿತೆ. ಕ್ವಾಂಟಂ ಬಗ್ಗೆ ಒಂದೂ ಪ್ರಶ್ನೆ ಕೇಳಲಿಲ್ಲ. ಸೀಟು ಸಿಕ್ಕಿತು.

ಅವರು ನೋಡಿದ್ದು ನನಗೆ ಎಷ್ಟು ಗೊತ್ತು ಅಂತ ಅಲ್ಲ. ಗೊತ್ತಿರುವುದು ಮುಗಿದ ಮೇಲೆ ನಾನು ಏನು ಮಾಡುತ್ತೇನೆ ಅಂತ. ನಿಮ್ಮ ಮಗಳಿಗೆ ಇದನ್ನು ಹೇಳಿ. ಹತ್ತು ವಿಷಯ ಮೇಲೆ ಮೇಲೆ ಓದುವುದಕ್ಕಿಂತ ಎರಡು ವಿಷಯವನ್ನು ಬೇರಿನವರೆಗೆ ಅಗೆಯಲಿ. ಸೂತ್ರ ಎಲ್ಲಿಂದ ಬಂತು, ಎಲ್ಲಿ ಮುರಿದು ಬೀಳುತ್ತದೆ, ಎರಡೂ ಗೊತ್ತಿರಲಿ.

ಕನ್ನಡ ಮಾಧ್ಯಮದ ಮಾತು. ಸುಳ್ಳು ಹೇಳುವುದಿಲ್ಲ, ಮೊದಲ ವರ್ಷ ಕಷ್ಟ ಆಗುತ್ತದೆ. ಜ್ಯಾಮ್ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲೇ ಇರುತ್ತದೆ. ಅಲ್ಲಿ ಪಾಠವೂ ಇಂಗ್ಲಿಷೇ. ಆದರೆ ವಿಜ್ಞಾನಕ್ಕೆ ಬೇಕಾದ ಇಂಗ್ಲಿಷ್ ಬೇರೆ, ಮಾಲ್‌ನಲ್ಲಿ ಮಾತಾಡುವ ಇಂಗ್ಲಿಷ್ ಬೇರೆ. ಮೊದಲನೆಯದು ಒಂದು ವರ್ಷದಲ್ಲಿ ಬರುತ್ತದೆ. ಅವಳು ದಿನಾ ಒಂದು ಪುಟ ಇಂಗ್ಲಿಷಿನಲ್ಲಿ ಓದಿ, ಅದನ್ನು ನಿಮಗೆ ಕನ್ನಡದಲ್ಲಿ ವಿವರಿಸಲಿ. ನಿಮಗೆ ಅರ್ಥವಾಗದಿದ್ದರೆ ಅವಳಿಗೂ ಅರ್ಥವಾಗಿಲ್ಲ ಅಂತಲೇ ಲೆಕ್ಕ. ನಾನು ಹೀಗೆ ನಮ್ಮಮ್ಮನಿಗೆ ಬೆಳಕಿನ ಧ್ರುವೀಕರಣ ಹೇಳಲು ಹೋಗಿ, ನನಗೇ ಅದು ಬರುವುದಿಲ್ಲ ಅಂತ ಕಂಡುಕೊಂಡಿದ್ದೆ. ನಡುಕ ಹುಟ್ಟಿಸುವುದು ಭಾಷೆಗಿಂತ ಜಾಸ್ತಿ, ಪಕ್ಕದಲ್ಲಿ ಕೂತವರು ದೊಡ್ಡ ದೊಡ್ಡ ಕಾಲೇಜುಗಳಿಂದ ಬಂದವರು ಅನ್ನುವ ಅಳುಕು. ಅದು ಮೊದಲ ಪರೀಕ್ಷೆಯವರೆಗೆ ಇರುತ್ತದೆ. ಆಮೇಲೆ ಅವರೂ ಅಷ್ಟೇ ಒದ್ದಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ.

ಖರ್ಚಿನ ಬಗ್ಗೆ ನಿಮಗೆ ನಿದ್ದೆ ಬಂದಿಲ್ಲ ಅಂತ ಕಾಣುತ್ತದೆ. ಇದು ಓದಿ ನೆಮ್ಮದಿಯಾಗಿ ಮಲಗಿ. ಪಿಎಚ್.ಡಿ. ವಿದ್ಯಾರ್ಥಿಗೆ ತಿಂಗಳು ತಿಂಗಳು ಫೆಲೋಶಿಪ್ ಕೊಡುತ್ತಾರೆ. 2023ರ ಜನವರಿಯಿಂದ ಜಾರಿಗೆ ಬಂದ ದರದ ಪ್ರಕಾರ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಇಂಟಿಗ್ರೇಟೆಡ್ ಪಿಎಚ್.ಡಿ.ಯಲ್ಲಿ ಮೊದಲ ಎರಡು ವರ್ಷ ಇದಕ್ಕಿಂತ ಕಡಿಮೆ ಇರುತ್ತದೆ, ಪಿಎಚ್.ಡಿ. ಹಂತಕ್ಕೆ ಬಂದ ಮೇಲೆ ಪೂರ್ತಿ ಸಿಗುತ್ತದೆ. ಒಳಗೇ ಹಾಸ್ಟೆಲ್, ಒಳಗೇ ಮೆಸ್. ಫೀಸು, ಊಟ ಕಳೆದು ಮನೆಗೂ ಸ್ವಲ್ಪ ಕಳಿಸುವವರನ್ನು ನಾನು ನೋಡಿದ್ದೇನೆ. ನೀವು ಸಾಲ ಮಾಡಬೇಕಾಗಿಲ್ಲ.

ವರ್ಷಗಳು ಮಾತ್ರ ಜಾಸ್ತಿ. ಇಂಟಿಗ್ರೇಟೆಡ್ ಅಂದರೆ ಆರೇಳು ವರ್ಷ ಅಂತಿಟ್ಟುಕೊಳ್ಳಿ. ಶುರುವಿನಲ್ಲಿ ಕ್ಲಾಸುಗಳು, ಆಮೇಲೆ ಒಬ್ಬ ಗೈಡ್, ಒಂದು ಲ್ಯಾಬ್. ನಡುವೆ ಒಂದು ದೊಡ್ಡ ಮೌಖಿಕ ಪರೀಕ್ಷೆ. ಕೊನೆಗೆ ಪ್ರಬಂಧ ಬರೆದು, ಹೊರಗಿನ ತಜ್ಞರು ಓದಿ ಒಪ್ಪಬೇಕು. ಅವಳು ಹೊರಗೆ ಬರುವಾಗ 27, 28 ವಯಸ್ಸಾಗಿರುತ್ತದೆ. ನೆಂಟರು ಮದುವೆ ಮಾತು ತೆಗೆಯುತ್ತಾರೆ. ಆಗ ನಿಲ್ಲಬೇಕಾದವರು ನೀವು, ಅವಳಲ್ಲ.

ಗೈಡ್ ಆಯ್ಕೆ ಬಗ್ಗೆ ಒಂದು ಮಾತು. ಆ ಲ್ಯಾಬಿನಲ್ಲಿ ಈಗಾಗಲೇ ಇರುವ ವಿದ್ಯಾರ್ಥಿಗಳನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಕಾಫಿ ಕುಡಿಸಿ ವಿಚಾರಿಸಬೇಕು. ಎಷ್ಟು ವರ್ಷದಲ್ಲಿ ಮುಗಿಸುತ್ತಾರೆ, ಗೈಡ್ ವಾರಕ್ಕೆ ಎಷ್ಟು ಸಲ ಸಿಗುತ್ತಾರೆ, ಕೆಲಸ ಕೈಕೊಟ್ಟಾಗ ಹೇಗೆ ನಡೆದುಕೊಳ್ಳುತ್ತಾರೆ. ವಿಷಯ ಎಷ್ಟೇ ಚೆನ್ನಾಗಿದ್ದರೂ ಗೈಡ್ ಜೊತೆ ಹೊಂದಿಕೆ ಇಲ್ಲದಿದ್ದರೆ ಆರು ವರ್ಷ ಬಲು ಉದ್ದ.

ಯಾಕೆಂದರೆ ಕೆಲಸ ಕೈಕೊಡುತ್ತದೆ. ಖಂಡಿತ ಕೊಡುತ್ತದೆ. ನನ್ನ ಮೂರನೇ ವರ್ಷದ ಕತೆ ಹೇಳುತ್ತೇನೆ. ನೀವು ಫಿಟ್ಟರ್, ನಿಮಗೆ ಅರ್ಥವಾಗುತ್ತದೆ. ಒಂದು ಸ್ಟೀಲ್ ಚೇಂಬರ್. ಅದರೊಳಗಿನ ಗಾಳಿಯನ್ನೆಲ್ಲ ಪಂಪ್ ಹಚ್ಚಿ ತೆಗೆದು ನಿರ್ವಾತ ಮಾಡಬೇಕು. ಆಮೇಲೆ ಒಳಗೆ ಲೋಹ ಕಾಯಿಸಿ ಗಾಜಿನ ಮೇಲೆ ತೆಳು ಪದರ ಕೂರಿಸಬೇಕು. ಪಂಪ್ ರಾತ್ರಿಯಿಡೀ ಓಡಿದರೂ ಮೀಟರ್ ಒಂದು ಮಟ್ಟಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ. ಎಲ್ಲೋ ಸೋರುತ್ತಿದೆ. ಎಲ್ಲಿ? ಒಂದೊಂದೇ ಜಾಯಿಂಟ್ ಬಿಚ್ಚಿದೆ, ಒರೆಸಿದೆ, ಬೋಲ್ಟ್‌ಗಳನ್ನು ಎದುರುಬದುರು ಬಿಗಿದೆ. ಹೊರಗಿನಿಂದ ಅಸಿಟೋನ್ ಹನಿಸುತ್ತಾ ಮೀಟರ್ ಅಲುಗಾಡುತ್ತದಾ ಅಂತ ನೋಡಿದೆ. ಮೂರು ತಿಂಗಳು. ಒಂದು ರೀಡಿಂಗ್ ಇಲ್ಲ. ಕೊನೆಗೆ ಒಂದು ಸಂಜೆ ದೊಡ್ಡ ಫ್ಲಾಂಜ್ ತೆಗೆದು, ಗಾಳಿ ಸೋರದಂತೆ ನಡುವೆ ಕೂರಿಸುವ ರಬ್ಬರ್ ಬಳೆ, ಓ-ರಿಂಗನ್ನು ಟಾರ್ಚ್ ಬೆಳಕಿಗೆ ಹಿಡಿದು ತಿರುಗಿಸಿದೆ. ಅದಕ್ಕೆ ಅಡ್ಡಲಾಗಿ ಒಂದು ತಲೆಗೂದಲು ಅಂಟಿತ್ತು. ಬಹುಶಃ ನನ್ನದೇ. ಒರೆಸಿ ಮತ್ತೆ ಕೂರಿಸಿದೆ. ಬೆಳಿಗ್ಗೆ ಬಂದು ನೋಡಿದರೆ ಮೀಟರ್ ತಳ ಮುಟ್ಟಿತ್ತು. ಹೊರಗೆ ಬಂದು ಮಹಾಗನಿ ಮರಗಳ ಕೆಳಗೆ ಸುಮಾರು ಹೊತ್ತು ಕೂತಿದ್ದೆ.

ಇಂಥ ತಿಂಗಳುಗಳು ಬರುತ್ತವೆ. ಆಗ ಅವಳು ಮನೆಗೆ ಫೋನ್ ಮಾಡಿ ಬಿಟ್ಟು ಬರ್ತೀನಿ ಅಂತಾಳೆ. ಗಾಬರಿಯಾಗಬೇಡಿ, ಬೈಯಬೇಡಿ, ಭಾನುವಾರ ಮನೆಗೆ ಕರೆಸಿ ಊಟ ಹಾಕಿ. ಬಸ್ಸಿನಲ್ಲಿ ಅರ್ಧ ಗಂಟೆ ದೂರದಲ್ಲಿ ಮನೆ ಇರುವುದು ದೊಡ್ಡ ಪುಣ್ಯ. ತುಂಬಾ ದಿನ ಹಾಗೇ ಇದ್ದರೆ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಒಳಗೆ ಆಪ್ತ ಸಲಹೆ ಕೊಡುವವರು ಇದ್ದಾರೆ, ಹೋಗಲು ಹೇಳಿ.

ಹುಡುಗಿ ಅನ್ನುವ ಯೋಚನೆ ನಿಮ್ಮ ಪತ್ರದಲ್ಲಿ ಇಲ್ಲ. ನಿಮ್ಮಣ್ಣನ ಮಾತಿನಲ್ಲಿ ಇರಬಹುದು. ಅದಕ್ಕೂ ಆ ಕಾಂಪೌಂಡಿನಲ್ಲಿ ಉತ್ತರವಿದೆ. 1933ರಲ್ಲಿ ಮುಂಬೈ ವಿಶ್ವವಿದ್ಯಾಲಯಕ್ಕೇ ಮೊದಲು ಬಂದ ಕಮಲಾ ಭಾಗವತ್ ಎಂಬ ಹುಡುಗಿಗೆ ಅಲ್ಲಿ ಪ್ರವೇಶ ಇಲ್ಲ ಅಂದರು. ಇಲ್ಲ ಅಂದವರು ನಿರ್ದೇಶಕರಾಗಿದ್ದ ಸಿ.ವಿ. ರಾಮನ್. ಅವಳು ಜಗ್ಗಲಿಲ್ಲ. ಒಂದು ವರ್ಷ ಪರೀಕ್ಷಾರ್ಥವಾಗಿ ಸೇರಿಸಿಕೊಂಡರು, ಕೆಲಸ ನೋಡಿ ಒಪ್ಪಿದರು. ಮದುವೆಯಾದ ಮೇಲೆ ಕಮಲಾ ಸೊಹೊನಿ ಆದ ಅವರು 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆ ಅಂತ ಅವರನ್ನು ಗುರುತಿಸುತ್ತಾರೆ. ಇನ್ನೊಬ್ಬರು ನಮ್ಮವರೇ, ನಂಜನಗೂಡು ಮನೆತನದ ರಾಜೇಶ್ವರಿ ಚಟರ್ಜಿ. ಇಲ್ಲೇ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, 1943ರಲ್ಲಿ ಐಐಎಸ್‌ಸಿಯ ಎಲೆಕ್ಟ್ರಿಕಲ್ ವಿಭಾಗಕ್ಕೆ ಸಂಶೋಧನೆಗೆ ಸೇರಿದರು. ಅಮೆರಿಕದಲ್ಲಿ ಪಿಎಚ್.ಡಿ. ಮುಗಿಸಿ 1953ರಲ್ಲಿ ವಾಪಸ್ ಬಂದು ಅಲ್ಲೇ ಪಾಠ ಮಾಡಿದರು, ಮೈಕ್ರೋವೇವ್ ಸಂಶೋಧನೆ ಕಟ್ಟಿದರು.

ಇಷ್ಟೆಲ್ಲ ಹೇಳಿದ ಮೇಲೂ ಅದೊಂದೇ ಗೇಟಿಗೆ ಅಂಟಿಕೊಳ್ಳಬೇಡಿ. ಬೆಂಗಳೂರಿನ ಭಾಗ್ಯ ಏನೆಂದರೆ, ಒಂದು ಗೇಟು ಮುಚ್ಚಿದರೆ ಬಸ್ ಬದಲಿಸಿ ಇನ್ನೊಂದು ಗೇಟಿಗೆ ಹೋಗಬಹುದು. ಜಕ್ಕೂರಿನಲ್ಲಿ ಜವಾಹರಲಾಲ್ ನೆಹರು ಕೇಂದ್ರ ಇದೆ. ಸಿ.ಎನ್.ಆರ್. ರಾವ್ ಅವರು 1989ರಲ್ಲಿ ಕಟ್ಟಿದ್ದು. ಅಲ್ಲೂ ಬಿ.ಎಸ್ಸಿ. ಆದವರಿಗೆ ಇಂಟಿಗ್ರೇಟೆಡ್ ಪಿಎಚ್.ಡಿ. ಇದೆ, ಅದಕ್ಕೂ ಜ್ಯಾಮ್ ನಡೆಯುತ್ತದೆ. ಸದಾಶಿವನಗರದಲ್ಲಿ ರಾಮನ್ ಸಂಶೋಧನಾ ಸಂಸ್ಥೆ, ಕೋರಮಂಗಲದಲ್ಲಿ ನಕ್ಷತ್ರ ನೋಡುವವರ ಭಾರತೀಯ ಖಭೌತ ಸಂಸ್ಥೆ, ಜಿಕೆವಿಕೆ ಆವರಣದಲ್ಲಿ ಜೀವವಿಜ್ಞಾನದ ಎನ್‌ಸಿಬಿಎಸ್. ಪ್ರತಿಯೊಂದಕ್ಕೂ ಅದರದೇ ಅರ್ಜಿ, ಅದರದೇ ದಿನಾಂಕ. ಒಂದು ಕ್ಯಾಲೆಂಡರ್ ತಂದು ಗೋಡೆಗೆ ಹಾಕಿ, ಎಲ್ಲ ಗುರುತು ಮಾಡಲಿ.

ಕೆಲಸ. ಪಿಎಚ್.ಡಿ. ಆದ ತಕ್ಷಣ ಸರ್ಕಾರಿ ಕೆಲಸ ಕಾದಿರುತ್ತದೆ ಅಂತ ಹೇಳಲಾರೆ. ಪ್ರೊಫೆಸರ್ ಆಗಬೇಕಾದರೆ ಜಾಸ್ತಿ ಜನ ಇನ್ನೂ ಎರಡು ಮೂರು ವರ್ಷ ಬೇರೆ ಲ್ಯಾಬುಗಳಲ್ಲಿ ಪೋಸ್ಟ್‌ಡಾಕ್, ಅಂದರೆ ಪಿಎಚ್.ಡಿ. ಆದ ಮೇಲಿನ ತಾತ್ಕಾಲಿಕ ಸಂಶೋಧನೆಯ ಕೆಲಸ, ಮಾಡುತ್ತಾರೆ. ಹುದ್ದೆಗಳು ಕಡಿಮೆ, ಅರ್ಜಿಗಳು ಜಾಸ್ತಿ. ಆದರೆ ಇಸ್ರೋ, ರಕ್ಷಣಾ ಸಂಶೋಧನೆಯ ಡಿಆರ್‌ಡಿಒ ಲ್ಯಾಬುಗಳು ಇವೆ. ಚಿಪ್ ಮಾಡುವ, ಔಷಧ ಮಾಡುವ ಕಂಪನಿಗಳ ಸಂಶೋಧನಾ ವಿಭಾಗಗಳು ಇದೇ ಊರಿನಲ್ಲಿವೆ. ನನ್ನ ಜೊತೆ ಮುಗಿಸಿದವರಲ್ಲಿ ಇಬ್ಬರು ಕಂಪನಿ ಸೇರಿದರು, ಒಬ್ಬಳು ಹೊರದೇಶದಲ್ಲಿದ್ದಾಳೆ, ಒಬ್ಬ ಊರಿಗೆ ಹೋಗಿ ಮಣ್ಣು ಪರೀಕ್ಷೆಯ ಲ್ಯಾಬ್ ತೆರೆದ, ನಾನು ಮೇಷ್ಟ್ರಾದೆ. ಯಾರೂ ಬೀದಿಗೆ ಬಿದ್ದಿಲ್ಲ. ಆದರೆ ಯಾರೂ ಬೇಗ ದುಡ್ಡು ನೋಡಲೂ ಇಲ್ಲ.

ನಿಮ್ಮಣ್ಣ ಹೇಳುವ ಬಿ.ಎಡ್. ಕೆಟ್ಟ ದಾರಿ ಖಂಡಿತ ಅಲ್ಲ. ನಮ್ಮ ಹೈಸ್ಕೂಲುಗಳಿಗೆ ಒಳ್ಳೆಯ ವಿಜ್ಞಾನ ಟೀಚರ್ ಬೇಕೇ ಬೇಕು. ಅವಳಿಗೆ ಮಕ್ಕಳ ಮುಂದೆ ನಿಲ್ಲುವುದು ಇಷ್ಟ ಅಂದರೆ ಖುಷಿಯಿಂದ ಕಳಿಸಿ. ಸಂಶೋಧನೆ ಆಗಲ್ಲ ಅನ್ನುವ ಹೆದರಿಕೆಗೆ ಬಿ.ಎಡ್. ಮಾಡಿಸಬೇಡಿ, ಅಷ್ಟೇ.

ಅವಳಿಗೆ ಏನು ಇಷ್ಟ ಅಂತ ತಿಳಿಯುವುದಕ್ಕೆ ಈ ವರ್ಷ ಮಾಡಬೇಕಾದ್ದು ಕೆಲವು ಇವೆ. ಐಐಎಸ್‌ಸಿ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಫೆಬ್ರವರಿ ಕೊನೆ ಅಥವಾ ಮಾರ್ಚ್ ಹೊತ್ತಿಗೆ, ಓಪನ್ ಡೇ ಮಾಡುತ್ತದೆ. ಅವತ್ತು ಯಾರು ಬೇಕಾದರೂ ಒಳಗೆ ಹೋಗಬಹುದು. ಲ್ಯಾಬುಗಳ ಬಾಗಿಲು ತೆರೆದಿರುತ್ತದೆ, ವಿದ್ಯಾರ್ಥಿಗಳೇ ನಿಂತು ವಿವರಿಸುತ್ತಾರೆ, ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿ ಹೇಳುವವರೂ ಸಿಗುತ್ತಾರೆ. ಒಂದು ದಿನ ರಜ ಹಾಕಿ ಇಬ್ಬರೂ ಹೋಗಿ. ಎರಡನೆಯದು, ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್. ಎರಡು ತಿಂಗಳು ಒಬ್ಬ ವಿಜ್ಞಾನಿಯ ಲ್ಯಾಬಿನಲ್ಲಿ ಕೆಲಸ ಮಾಡಬಹುದು, ಖರ್ಚಿಗೆ ದುಡ್ಡೂ ಕೊಡುತ್ತಾರೆ. ಅರ್ಜಿ ವರ್ಷದ ಕೊನೆಯ ತಿಂಗಳುಗಳಲ್ಲಿ ಇರುತ್ತದೆ, ಅವಳ ಮೇಷ್ಟ್ರ ಶಿಫಾರಸು ಪತ್ರ ಬೇಕು. ಇನ್ನು ಓದುವುದಕ್ಕೆ ಐಐಟಿ ಮತ್ತು ಐಐಎಸ್‌ಸಿ ಮೇಷ್ಟ್ರುಗಳ ಪಾಠದ ವಿಡಿಯೋಗಳು ಎನ್‌ಪಿಟಿಇಎಲ್ ಎಂಬ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತವೆ. ದುಬಾರಿ ಕೋಚಿಂಗ್‌ಗೆ ಸೇರಿಸುವ ಮುಂಚೆ ಆರು ತಿಂಗಳು ಅದನ್ನು ನೋಡಲಿ, ಹಳೆಯ ಜ್ಯಾಮ್ ಪತ್ರಿಕೆಗಳನ್ನು ಬಿಡಿಸಲಿ.

ಇವೆಲ್ಲಕ್ಕೂ ಮುಂಚೆ, ಈ ಭಾನುವಾರ ಮನೆಯಲ್ಲಿ ಒಂದು ಕೆಲಸ ಮಾಡಿ. ಒಂದು ಭಾರದ ಬೀಗ, ಒಂದು ಗಟ್ಟಿ ದಾರ. ಬಾಗಿಲಿನ ಮೇಲ್ಕಟ್ಟಿಗೆ ಅಲುಗಾಡದ ಹಾಗೆ ಕಟ್ಟಿ. ಕಟ್ಟಿದ ಜಾಗದಿಂದ ಬೀಗದ ನಡುವಿನವರೆಗೆ ಸರಿಯಾಗಿ 1 ಮೀಟರ್ ಇರಲಿ. ಅಳೆಯುವ ಕೆಲಸ ನಿಮ್ಮದು, ಅದನ್ನು ನಿಮಗಿಂತ ಚೆನ್ನಾಗಿ ಅವಳ ಕಾಲೇಜಿನಲ್ಲಿ ಯಾರೂ ಮಾಡಲಾರರು. ಸ್ವಲ್ಪವೇ ಎಳೆದು ಬಿಟ್ಟು, ಹತ್ತು ಸಲ ಹೋಗಿಬರಲು ಎಷ್ಟು ಹೊತ್ತು ಅಂತ ಅವಳು ಮೊಬೈಲಿನಲ್ಲಿ ಹಿಡಿಯಲಿ. ಸುಮಾರು 20 ಸೆಕೆಂಡ್ ಬರುತ್ತದೆ. ಆಮೇಲೆ 60 ಡಿಗ್ರಿಯಷ್ಟು ಎಳೆದು ಬಿಡಲಿ. ಈಗ ಒಂದೂಕಾಲು, ಒಂದೂವರೆ ಸೆಕೆಂಡ್ ಜಾಸ್ತಿ ಬರಬೇಕು. ಪುಸ್ತಕದ ಸೂತ್ರ ಅಲ್ಲಿ ಮುರಿಯುವುದನ್ನು ಅವಳು ತನ್ನ ಕಣ್ಣಿಂದ ನೋಡುತ್ತಾಳೆ.

ಅಲ್ಲಿಗೆ ನಿಲ್ಲಬೇಡಿ. ಬೆರಳು ಒತ್ತುವುದರಲ್ಲಿ ಸ್ವಲ್ಪ ಹಿಂದೆಮುಂದೆ ಆಗುತ್ತದಲ್ವಾ? ಆ ತಪ್ಪು ಕಡಿಮೆ ಮಾಡಲು ಹತ್ತರ ಬದಲು ಐವತ್ತು ಸಲ ಎಣಿಸೋಣ ಅನ್ನಿಸುತ್ತದೆ. ಆದರೆ ಅಷ್ಟು ಹೊತ್ತಿಗೆ ಬೀಗದ ಆಟ ಚಿಕ್ಕದಾಗಿಬಿಡುತ್ತದೆ, 60 ಡಿಗ್ರಿ ಉಳಿಯುವುದಿಲ್ಲ. ಹಾಗಾದರೆ ಎಷ್ಟು ಸಲ ಎಣಿಸಬೇಕು? ಇದಕ್ಕೆ ಉತ್ತರ ಅವಳೇ ಕಂಡುಕೊಳ್ಳಲಿ. ಯಾಕೆ ಅಷ್ಟೇ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ತಪ್ಪಿದ ರೀಡಿಂಗ್‌ಗಳನ್ನೂ ಅಳಿಸದೆ ಹಾಗೇ ಇಡಲಿ. ಸಂದರ್ಶನದಲ್ಲಿ ಇಷ್ಟವಾದ ವಿಷಯ ಯಾವುದು ಅಂತ ಕೇಳಿದಾಗ ಅವಳ ಹತ್ತಿರ ಹೇಳಲು ಒಂದು ಬೀಗ, ಒಂದು ದಾರ, ತಾನೇ ಹಿಡಿದ ಸಂಖ್ಯೆಗಳು ಇರುತ್ತವೆ. ಬರೆದು ಕಳಿಸಿದರೆ ನಾನೂ ನೋಡುತ್ತೇನೆ.